ಪೂಲ್ ಕ್ಯೂವಿನ ರ‍್ಯಾಪ್

ಪೂಲ್ ಆಟದ ಕ್ಯೂವಿನಲ್ಲಿ ಹಿಂದಿನ ಕೈ ಹಿಡಿಯುವ ಭಾಗಕ್ಕೆ ನೂಲು, ಚರ್ಮ ಇಲ್ಲವೇ ರಬ್ಬರಿನಿಂದ ಮಾಡಿದ ಹೊದಿಕೆಯೇ ರ‍್ಯಾಪ್. ಉದ್ದ ಸಾಮಾನ್ಯವಾಗಿ 12 ಇಂಚು. ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು. ಕ್ಯೂ ಕೊಳ್ಳುವವರು ಮೊದಲು ನೋಡುವುದು ಮರದ ಕೆತ್ತನೆ, ತುದಿಯ ಗಡಸು, ತೂಕ. ರ‍್ಯಾಪ್ ಕಡೆಗೆ ಗಮನ ಹರಿಯುವುದು ಕೊನೆಗೆ. ಆದರೆ ಇಡೀ ಕ್ಯೂವಿನಲ್ಲಿ ಆಟಗಾರನ ಅಂಗೈ ಬಿಡದೆ ಮುಟ್ಟುವ ಜಾಗ ಅದೊಂದೇ. ಕೈಯ ಅಳತೆ, ಬೆವರು ಮತ್ತು ಹಿಡಿಯುವ ಅಭ್ಯಾಸಕ್ಕೆ ತಕ್ಕಂತೆ ಅದನ್ನು ಬದಲಿಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಬೆಳೆದು ಇಂದು ಪೂಲ್ ಆಡುವ ಎಲ್ಲ ದೇಶಗಳಿಗೂ ಹರಡಿದೆ.

ಕ್ಯೂವಿನಲ್ಲಿ ರ‍್ಯಾಪ್ ಇರುವ ಜಾಗ

ಪೂಲ್ ಕ್ಯೂ ಸಾಧಾರಣವಾಗಿ 58 ಇಂಚು ಉದ್ದ, 18ರಿಂದ 21 ಔನ್ಸ್ ತೂಕ ಇರುತ್ತದೆ. ನಡುವೆ ತಿರುಪು ಹಾಕಿ ಜೋಡಿಸುವ ಎರಡು ತುಂಡು: ಮುಂದಿನದು ಶಾಫ್ಟ್, ಹಿಂದಿನದು ಬಟ್. ಬಟ್ ನೋಡಲು ಒಂದೇ ಮರವೆನಿಸಿದರೂ ಬಹುಪಾಲು ಕ್ಯೂಗಳಲ್ಲಿ ಅದು ಮೂರು ಭಾಗಗಳ ಜೋಡಣೆ. ಮುಂಭಾಗದಲ್ಲಿ ಅಲಂಕಾರದ ಕೆತ್ತನೆ ಇರುವ ಫೋರ್‌ಆರ್ಮ್, ನಡುವೆ ಹಿಡಿಕೆ, ಕೊನೆಯಲ್ಲಿ ಸ್ಲೀವ್, ಅದರ ತುದಿಗೆ ನೆಲ ತಾಗುವ ರಬ್ಬರ್ ಬಂಪರ್.

ರ‍್ಯಾಪ್ ಕೂರುವುದು ನಡುವಿನ ಹಿಡಿಕೆಯ ಮೇಲೆ. ಹಿಡಿಕೆಯ ಮರವನ್ನು ಲೇತಿನಲ್ಲಿ ಸ್ವಲ್ಪ ಆಳಕ್ಕೆ ಕಡೆದು, ಎರಡೂ ಕಡೆ ಚೂಪಾದ ಅಂಚು ಉಳಿಸಿ ಒಂದು ತಗ್ಗು ಮಾಡುತ್ತಾರೆ. ಸುತ್ತಿ ಮುಗಿದಾಗ ರ‍್ಯಾಪ್ ಮರದ ಮಟ್ಟಕ್ಕೆ ಸರಿಯಾಗಿ ಕೂತಿರಬೇಕು. ಕಣ್ಣು ಮುಚ್ಚಿ ಬೆರಳು ಜಾರಿಸಿದರೆ ಮರ ಎಲ್ಲಿ ಮುಗಿಯಿತು, ನೂಲು ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ಕೆಲಸಗಾರನ ಕೈಚಳಕ ಅಳೆಯಲು ಇದಕ್ಕಿಂತ ನೇರವಾದ ಪರೀಕ್ಷೆ ಬೇರೆ ಇಲ್ಲ.

ಹೊದಿಕೆಯ ಕೆಳಗೆ ಮುಚ್ಚಿಹೋಗುವ ಮರಕ್ಕೂ ಒಂದು ಕೆಲಸವಿದೆ. ಅಲ್ಲಿ ಸಾಮಾನ್ಯವಾಗಿ ನೇರ ಎಳೆಯ ಸಾದಾ ಮೇಪಲ್ ಮರ ಬಳಸುತ್ತಾರೆ. ಅಂದದ ಸುಳಿ, ಕಣ್ಣು ಇರುವ ಮರಕ್ಕಿಂತ ನೇರ ಎಳೆಯ ಮರ ಬಾಗುವುದು ಕಡಿಮೆ. ಫೋರ್‌ಆರ್ಮ್ ಮತ್ತು ಹಿಡಿಕೆ ಸೇರುವ ಕೂಡು ರ‍್ಯಾಪಿನ ಮೇಲಂಚಿನ ಹತ್ತಿರವೇ ಬರುತ್ತದೆ. ಕ್ಯೂ ತಯಾರಕರು ಅದನ್ನು ಎ-ಜಾಯಿಂಟ್ ಎನ್ನುತ್ತಾರೆ. ಅಲ್ಲಿ ಅಂಟು ಬಿಟ್ಟರೆ ಹೊಡೆತದ ಸದ್ದು ಬದಲಾಗುತ್ತದೆ, ಸಣ್ಣಗೆ ಗುಂಯ್ ಎನ್ನುವ ನಡುಕ ಕೈಗೆ ಬರುತ್ತದೆ. ಹಳೆಯ ರ‍್ಯಾಪ್ ಬಿಚ್ಚಿದಾಗ ಈ ಕೂಡನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಅದು ಕಣ್ಣಿಗೆ ಬೀಳುವ ಸಂದರ್ಭ ಕ್ಯೂವಿನ ಆಯಸ್ಸಿನಲ್ಲಿ ಬಹಳ ಸಲ ಬರುವುದಿಲ್ಲ.

ಹಿನ್ನೆಲೆ

ಬಿಲಿಯರ್ಡ್ಸ್ ಮೇಜಿನ ಮೇಲೆ ಮೊದಲು ಬಳಕೆಯಲ್ಲಿದ್ದದ್ದು ತುದಿಯಲ್ಲಿ ದಪ್ಪ ಮರದ ತಲೆಯಿದ್ದ ಮೇಸ್ ಎಂಬ ಕೋಲು. ಚೆಂಡು ಮೇಜಿನ ಅಂಚಿಗೆ ಒತ್ತಿ ನಿಂತಾಗ ಮೇಸಿನ ತಲೆ ತಾಗುತ್ತಿರಲಿಲ್ಲ. ಆಗ ಕೋಲನ್ನು ತಿರುಗಿಸಿ ಸಪೂರವಾದ ಹಿಂದಿನ ತುದಿಯಿಂದ ಹೊಡೆಯುತ್ತಿದ್ದರು. ಕ್ಯೂ ಬೆಳೆದದ್ದು ಆ ತುದಿಯಿಂದ. 1807ರ ಸುಮಾರಿಗೆ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ಅದಕ್ಕೆ ಚರ್ಮದ ತುದಿ ಅಂಟಿಸಿದ ಮೇಲೆ ಚೆಂಡಿಗೆ ಬೇಕಾದ ಕಡೆ ತಿರುಗು ಕೊಡುವುದು ಸಾಧ್ಯವಾಯಿತು. ತಿರುಗು ಕೊಡುವ ಆಟಕ್ಕೆ ಹಿಂದಿನ ಕೈಯ ಮೇಲೆ ಹೆಚ್ಚು ಹತೋಟಿ ಬೇಕು. ಹಿಡಿಕೆಯ ಬಗ್ಗೆ ಯೋಚನೆ ಶುರುವಾಗಲು ಇಂಥ ಆಟವೇ ಕಾರಣ.

ರ‍್ಯಾಪ್ ಇಂದಿನ ರೂಪಕ್ಕೆ ಬಂದದ್ದು 20ನೆಯ ಶತಮಾನದ ಅಮೆರಿಕದಲ್ಲಿ. ಷಿಕಾಗೋದ ಹರ್ಮನ್ ರ‍್ಯಾಂಬೋ (1881–1967) ದೊಡ್ಡ ಆಟಗಾರರಿಗೆ ಎರಡು ತುಂಡಿನ ಕ್ಯೂಗಳನ್ನು ಮಾಡಿಕೊಡುತ್ತಿದ್ದ ಕುಶಲಕರ್ಮಿ. ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಎಂಬ ಒಂದೇ ತುಂಡಿನ ಕ್ಯೂ ಪೂಲ್ ಹಾಲ್‌ಗಳಲ್ಲಿ ಸಾಲು ಸಾಲಾಗಿ ಇರುತ್ತಿತ್ತು. ಅದನ್ನು ನಡುವೆ ಕತ್ತರಿಸಿ, ತಿರುಪು ಕೂರಿಸಿ, ಹಿಡಿಕೆಗೆ ನೂಲು ಸುತ್ತಿ ಸ್ವಂತ ಕ್ಯೂ ಮಾಡಿಕೊಳ್ಳುವುದು ಆಗಿನ ರೂಢಿ. ಹಾಲ್‌ನ ಸಾಮಾನು ಒಬ್ಬನ ಸ್ವತ್ತಾಗಿ ಮಾರ್ಪಟ್ಟಿತು ಎನ್ನುವುದಕ್ಕೆ ಆ ಸುತ್ತೇ ಗುರುತಾಗಿತ್ತು.

ಈ ಕೆಲಸವನ್ನು ಕಲೆಯ ಮಟ್ಟಕ್ಕೆ ಒಯ್ದವರಲ್ಲಿ ಜಾರ್ಜ್ ಬಾಲಾಬುಷ್ಕಾ (1912–1975) ಮುಖ್ಯರು. ರಷ್ಯಾದಲ್ಲಿ ಹುಟ್ಟಿ 1924ರಲ್ಲಿ ಅಮೆರಿಕಕ್ಕೆ ಬಂದ ಅವರು ಮರಗೆಲಸ ಮಾಡಿಕೊಂಡಿದ್ದವರು. 1959ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡತೊಡಗಿದರು. ಬರ್ಟನ್ ಸ್ಪೇನ್, ಗಸ್ ಜಾಂಬೋಟಿಯಂಥವರು ಕೂಡಿಸಿಕೊಟ್ಟ ಮರದ ದಿಮ್ಮಿಗಳನ್ನು ಕಡೆದು, ಹಿಡಿಕೆಗೆ ಹೆಚ್ಚಾಗಿ ಐರಿಷ್ ಲಿನನ್ ಸುತ್ತುತ್ತಿದ್ದರು. 1961ರ ‘ದಿ ಹಸ್ಲರ್’ ಚಿತ್ರ ಅಮೆರಿಕದಲ್ಲಿ ಪೂಲ್ ಆಟಕ್ಕೆ ಹೊಸ ಜೀವ ಕೊಟ್ಟಾಗ ಇಂಥ ಕ್ಯೂಗಳಿಗೆ ಬೇಡಿಕೆ ಏರಿತು. 1986ರ ‘ದಿ ಕಲರ್ ಆಫ್ ಮನಿ’ ಚಿತ್ರದಲ್ಲಿ ಬಾಲಾಬುಷ್ಕಾ ಹೆಸರು ಕೇಳಿಬಂದ ಮೇಲಂತೂ ಅದು ಜಗತ್ತಿಗೇ ಪರಿಚಯವಾಯಿತು. ತೆರೆಯ ಮೇಲೆ ಕಂಡದ್ದು ಮಾತ್ರ ಜಾಸ್ ಕಂಪನಿ ಮಾಡಿದ ಹೋಲಿಕೆಯ ಕ್ಯೂ. ಇಂದು ಕಾರ್ಖಾನೆಯಲ್ಲಿ ತಯಾರಾಗುವ ಕ್ಯೂಗೂ ಕಪ್ಪು–ಬಿಳಿ ಚುಕ್ಕೆಯ ನೂಲಿನ ಹಿಡಿಕೆ ಇರುತ್ತದೆಂದರೆ ಅದರ ಹಿಂದೆ ಆ ಕಾಲದ ಕುಶಲಕರ್ಮಿಗಳ ಅಭಿರುಚಿ ಇದೆ.

ಹಿಡಿತಕ್ಕೂ ರ‍್ಯಾಪಿಗೂ ಇರುವ ಸಂಬಂಧ

ರ‍್ಯಾಪ್ ಬದಲಿಸಿದರೆ ಚೆಂಡು ಬೇರೆ ರೀತಿ ಓಡುತ್ತದೆ ಎಂಬ ನಂಬಿಕೆ ಆಟಗಾರರಲ್ಲಿ ಬಲವಾಗಿದೆ. ಅದು ನಿಜವಲ್ಲ. ಕ್ಯೂವಿನ ತುದಿ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಪಾಲು ಹೊತ್ತು. ಅಂಗೈಯ ಚರ್ಮ, ಮಾಂಸ ಮೆತ್ತಗಿರುವುದರಿಂದ ಅಷ್ಟು ಚಿಕ್ಕ ಅವಧಿಯಲ್ಲಿ ಕೈ ಚೆಂಡಿನ ಮೇಲೆ ಯಾವ ಪರಿಣಾಮವನ್ನೂ ಬೀರಲಾರದು. ಬದಿ ತಿರುಗು ಕೊಟ್ಟಾಗ ಚೆಂಡು ಗುರಿಯಿಂದ ಸರಿಯುವ ಪ್ರಮಾಣವನ್ನು ನಿರ್ಧರಿಸುವುದು ಶಾಫ್ಟಿನ ತುದಿಭಾಗದ ತೂಕ. ಹಿಡಿಕೆ ಅಲ್ಲಿಂದ ಬಹಳ ದೂರ.

ಹಾಗಿದ್ದರೂ ರ‍್ಯಾಪ್ ಆಟವನ್ನು ಬದಲಿಸುತ್ತದೆ, ಆದರೆ ಅದು ಹೊಡೆತಕ್ಕೆ ಮುಂಚೆ. ಒಳ್ಳೆಯ ಹೊಡೆತದಲ್ಲಿ ಮೊಣಕೈ ನಿಂತಲ್ಲೇ ನಿಂತು, ಕೆಳಗಿನ ತೋಳು ಲೋಲಕದಂತೆ ತೂಗುತ್ತದೆ. ಬೆರಳುಗಳು ಕ್ಯೂವನ್ನು ಹೊತ್ತಿರಬೇಕು, ಹಿಸುಕಬಾರದು. ಹಿಡಿಕೆ ಜಾರುತ್ತದೆ ಎಂಬ ಸಣ್ಣ ಅನುಮಾನ ಬಂದರೂ ಸಾಕು, ಬೆರಳು ತಾನಾಗಿ ಬಿಗಿಯುತ್ತದೆ. ಬೆರಳು ಬಿಗಿದರೆ ಮಣಿಕಟ್ಟು ಬಿಗಿಯುತ್ತದೆ; ಮಣಿಕಟ್ಟು ಬಿಗಿದರೆ ಕ್ಯೂ ನೇರ ಗೆರೆ ಬಿಟ್ಟು ಪಕ್ಕಕ್ಕೆ ವಾಲುತ್ತದೆ. ಅತ್ತ ಹಿಡಿಕೆ ತೀರ ಅಂಟಿಕೊಳ್ಳುವಂತಿದ್ದರೂ ತೊಂದರೆಯೇ: ತೋಳು ಮುಂದಕ್ಕೆ ಬರುವಾಗ ಬೆರಳುಗಳು ಸಹಜವಾಗಿ ಬಿಚ್ಚಿ ಮುಚ್ಚಲು ಆಗದೆ ಕ್ಯೂವಿನ ಹಿಂಭಾಗ ಮೇಲಕ್ಕೇಳುತ್ತದೆ. ರ‍್ಯಾಪ್ ಆರಿಸುವುದೆಂದರೆ ಈ ಎರಡರ ನಡುವಿನ ಒಂದು ಬಿಂದುವನ್ನು ತನ್ನ ಕೈಗಾಗಿ ಹುಡುಕಿಕೊಳ್ಳುವುದು. ಆ ಬಿಂದು ಒಣ ಅಂಗೈಯವರಿಗೆ ಒಂದು ಕಡೆ, ಬೆವರುವ ಅಂಗೈಯವರಿಗೆ ಇನ್ನೊಂದು ಕಡೆ. ಅಮೆರಿಕದ ‘ಕೌಬಾಯ್’ ಜಿಮ್ಮಿ ಮೂರ್ ಕ್ಯೂ ಹಿಂದಕ್ಕೆಳೆದ ಮೇಲೆ ಹಿಡಿತವನ್ನೇ ಹಿಂದೆ ಜಾರಿಸಿ ಹೊಡೆಯುವುದಕ್ಕೆ ಹೆಸರಾಗಿದ್ದರು. ಅಂಥ ಶೈಲಿಗೆ ಅಂಟುವ ರಬ್ಬರ್ ಹಿಡಿಕೆ ಒಗ್ಗುವುದೇ ಇಲ್ಲ.

ಅಂಗಡಿಯಲ್ಲಿ ಎರಡು ನಿಮಿಷ ಕ್ಯೂ ಹಿಡಿದು ನೋಡಿ ರ‍್ಯಾಪ್ ಆರಿಸುವುದು ಈ ಕಾರಣಕ್ಕೇ ಸಾಲದು. ಅಂಗೈ ಬೆವರುವುದು ಆಟದ ಎರಡನೆಯ ಗಂಟೆಯಲ್ಲಿ, ಸೋಲು ಗೆಲುವು ತೂಗುತ್ತಿರುವಾಗ. ಆಗ ಹಿಡಿತ ಹೇಗಿರುತ್ತದೆ ಎನ್ನುವುದೇ ಮುಖ್ಯ.

ಲಿನನ್

ಲಿನನ್ ನೂಲು ಬರುವುದು ಅಗಸೆ ಗಿಡದ ಕಾಂಡದ ನಾರಿನಿಂದ. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆ ಬಡಿಸುವ ಅಗಸಿ ಹಿಂಡಿಯ ಬೀಜವೂ ಇದೇ ಜಾತಿಯ ಗಿಡದ್ದು. ಆದರೆ ಇಲ್ಲಿ ಬೀಜಕ್ಕಾಗಿ ಬೆಳೆಯುವ ತಳಿ ಗಿಡ್ಡ, ಕವಲು ಹೆಚ್ಚು. ನಾರಿಗಾಗಿ ಯುರೋಪಿನಲ್ಲಿ ಬೆಳೆಯುವ ತಳಿ ಎತ್ತರಕ್ಕೆ ನೆಟ್ಟಗೆ ಹೋಗುತ್ತದೆ, ಅದರಿಂದ ಉದ್ದನೆಯ ಎಳೆ ಸಿಗುತ್ತದೆ. ಬೆಲ್‌ಫಾಸ್ಟ್ ಸುತ್ತಮುತ್ತಲಿನ ಗಿರಣಿಗಳು 19ನೆಯ ಶತಮಾನದಲ್ಲಿ ಲಿನನ್ ನೂಲಿಗೆ ಜಗತ್ತಿನ ಕೇಂದ್ರವಾಗಿದ್ದವು. ಐರಿಷ್ ಎಂಬ ಹೆಸರು ಅಲ್ಲಿಂದ ಬಂದು ನಿಂತಿದೆ.

ಈ ನೂಲು ಕ್ಯೂವಿಗಾಗಿ ಹುಟ್ಟಿದ್ದಲ್ಲ, ಮೀನು ಹಿಡಿಯಲು. ಲಿನನ್ ನೆನೆದರೆ ಬಲ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಹೀಗಾಗಿ ಸಮುದ್ರದ ದೊಡ್ಡ ಮೀನುಗಳ ಗಾಳಕ್ಕೆ ಲಿನನ್ ಹುರಿಯೇ ಬೇಕಾಗಿತ್ತು. ಎರಡನೆಯ ಮಹಾಯುದ್ಧದ ನಂತರ ನೈಲಾನ್ ಗಾಳದ ದಾರ ಬಂದು ಲಿನನ್ ಹುರಿಯ ಮಾರುಕಟ್ಟೆ ಇಲ್ಲವಾಯಿತು. ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಎಂಬ ಊರಿನ ಗಾಳದಾರದ ಕಂಪನಿಯ ಲಿನನ್ ಮಾತ್ರ ಕ್ಯೂ ತಯಾರಕರ ಕೈಯಲ್ಲಿ ಹೊಸ ಬಾಳು ಕಂಡಿತು. ಇಂದಿಗೂ ಕಾರ್ಟ್‌ಲ್ಯಾಂಡ್ ಲಿನನ್ ಎಂದರೆ ಹಳೆಯ ಕೆಲಸಗಾರರು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಮೀನುಗಾರರಿಗೆ ಬೇಕಾಗಿದ್ದ ಗುಣವೇ ಬೇರೆ ಕಾರಣಕ್ಕೆ ಆಟಗಾರರಿಗೂ ಬೇಕಾಯಿತು. ಸಾಮಾನ್ಯ ತೇವದ ಗಾಳಿಯಲ್ಲಿ ಲಿನನ್ ತನ್ನ ಒಣ ತೂಕದ ಸುಮಾರು ಶೇಕಡ 12ರಷ್ಟು ತೇವ ಹೀರಿಕೊಳ್ಳಬಲ್ಲದು. ನೈಲಾನ್ ಹೀರುವುದು ಸುಮಾರು ಶೇಕಡ 4. ಬೆವರು ಮೇಲೆಯೇ ನಿಲ್ಲದೆ ನೂಲಿನೊಳಕ್ಕೆ ಇಳಿಯುವುದರಿಂದ ಅಂಗೈ ಜಾರುವುದಿಲ್ಲ. ಅಗ್ಗದ ಕ್ಯೂಗಳಲ್ಲಿ ಲಿನನ್‌ನ ಬಣ್ಣ, ಚುಕ್ಕೆಗಳನ್ನೇ ಅನುಕರಿಸಿದ ನೈಲಾನ್ ನೂಲು ಇರುತ್ತದೆ. ಅದು ಬಾಳಿಕೆ ಬರುತ್ತದೆ, ಕೊಳೆಯೂ ಬೇಗ ಹಿಡಿಯುವುದಿಲ್ಲ, ಆದರೆ ಬೆವರುವ ಕೈಗೆ ತಕ್ಕದ್ದಲ್ಲ. ನೋಡಿದರೆ ವ್ಯತ್ಯಾಸ ಗೊತ್ತಾಗದು, ಒಂದು ಸಂಜೆ ಆಡಿದರೆ ಗೊತ್ತಾಗುತ್ತದೆ.

ಸುತ್ತುವ ಕೆಲಸ ಹೀಗೆ ಸಾಗುತ್ತದೆ. ಬಟ್ಟನ್ನು ಲೇತಿಗೆ ಹಿಡಿಸಿ, ತಗ್ಗಿಗೆ ಬಿಳಿ ಅಂಟನ್ನು ತೆಳುವಾಗಿ ಹಚ್ಚುತ್ತಾರೆ. ನೂಲಿನ ಮೊದಲ ತುದಿಯನ್ನು ಬಿಚ್ಚಿ ಚಪ್ಪಟೆ ಮಾಡಿ, ಹಿಡಿಕೆಯ ಉದ್ದಕ್ಕೆ ಮಲಗಿಸಿ, ಅದರ ಮೇಲೆಯೇ ಸುತ್ತು ಶುರು ಮಾಡಿದರೆ ತುದಿ ಒಳಗೇ ಹೂತುಹೋಗುತ್ತದೆ. ಆಮೇಲೆ ಲೇತ್ ನಿಧಾನ ತಿರುಗುತ್ತ ಹೋದಂತೆ ನೂಲನ್ನು ಒಂದೇ ಬಿಗುವಿನಲ್ಲಿ ಬಿಡುತ್ತಾರೆ. ಬಿಗು ಸಡಿಲಾದ ಕಡೆ ಸುತ್ತುಗಳ ನಡುವೆ ಮರ ಇಣುಕುತ್ತದೆ, ಹೆಚ್ಚಾದ ಕಡೆ ಒಂದು ಸುತ್ತು ಇನ್ನೊಂದರ ಮೇಲೆ ಹತ್ತುತ್ತದೆ. 12 ಇಂಚು ಮುಚ್ಚಲು ಮುಕ್ಕಾಲು ಮಿಲಿಮೀಟರ್ ದಪ್ಪದ ನೂಲಾದರೆ ಸುಮಾರು 400 ಸುತ್ತು ಬೇಕು. ಹಿಡಿಕೆಯ ಅಡ್ಡಳತೆ 28ರಿಂದ 30 ಮಿಲಿಮೀಟರ್ ಎಂದು ಹಿಡಿದು ಲೆಕ್ಕ ಹಾಕಿದರೆ ನೂಲಿನ ಉದ್ದ 35 ಮೀಟರ್ ದಾಟುತ್ತದೆ. ನಡುವೆ ಗಂಟು ಹಾಕುವಂತಿಲ್ಲ.

ಕೊನೆಯ ತುದಿಯನ್ನು ಮುಚ್ಚುವುದರಲ್ಲಿ ಜಾಣ್ಮೆ ಇದೆ. ಕಡೆಯ ಎಂಟು ಹತ್ತು ಸುತ್ತು ಬಾಕಿ ಇರುವಾಗ ಬೇರೊಂದು ಸಪೂರ ದಾರವನ್ನು ಕುಣಿಕೆ ಮಾಡಿ ಹಿಡಿಕೆಯ ಮೇಲಿಟ್ಟು, ಅದರ ಮೇಲೆಯೇ ಸುತ್ತುತ್ತಾರೆ. ಸುತ್ತು ಮುಗಿದ ಮೇಲೆ ನೂಲಿನ ತುದಿಯನ್ನು ಕತ್ತರಿಸಿ ಕುಣಿಕೆಯೊಳಗೆ ತೂರಿಸಿ, ಕುಣಿಕೆಯ ದಾರವನ್ನು ಹಿಂದಿನಿಂದ ಎಳೆಯುತ್ತಾರೆ. ನೂಲಿನ ತುದಿ ಸುತ್ತುಗಳ ಕೆಳಗೆ ನುಸುಳಿ ನಡುವೆ ಹೊರಬರುತ್ತದೆ, ಅಲ್ಲಿ ಬ್ಲೇಡಿನಿಂದ ಸಮನಾಗಿ ಕೊಯ್ದರೆ ತುದಿ ಎಲ್ಲಿದೆಯೆಂದು ಹುಡುಕಿದರೂ ಸಿಗದು. ಗಾಳದ ಕೋಲುಗಳಿಗೆ ದಾರ ಕಟ್ಟುವವರ ವಿದ್ಯೆಯೂ ಇದೇ.

ಸುತ್ತಿದ ಕೂಡಲೇ ಕೆಲಸ ಮುಗಿಯುವುದಿಲ್ಲ; ಒತ್ತುವುದು ಬಾಕಿ ಇರುತ್ತದೆ. ನೂಲಿಗೆ ಗಂಜಿಯನ್ನೋ ನೀರು ಬೆರೆಸಿದ ಅಂಟನ್ನೋ ಸವರಿ, ಲೇತ್ ವೇಗವಾಗಿ ತಿರುಗುತ್ತಿರುವಾಗ ನುಣುಪಾದ ಮೂಳೆ, ಗಾಜು ಅಥವಾ ಗಟ್ಟಿ ಮರದ ತುಂಡನ್ನು ಅದರ ಮೇಲೆ ಒತ್ತಿ ಹಿಂದೆ ಮುಂದೆ ಆಡಿಸುತ್ತಾರೆ. ಚನ್ನಪಟ್ಟಣದ ಗೊಂಬೆ ಕಡೆಯುವವರು ತಿರುಗುವ ಮರಕ್ಕೆ ಅರಗು ಒತ್ತಿ, ಉಜ್ಜಿನ ಬಿಸಿಯಲ್ಲೇ ಬಣ್ಣ ಕೂರಿಸಿ ತಾಳೆಗರಿಯಿಂದ ಹೊಳಪು ತರುವಂತೆ ಇಲ್ಲೂ ಒತ್ತಡ ಮತ್ತು ಬಿಸಿ ಸೇರಿ ನೂಲಿನ ಎದ್ದ ಎಳೆಗಳನ್ನು ಮಲಗಿಸುತ್ತವೆ. ಚೆನ್ನಾಗಿ ಒತ್ತಿದ ಲಿನನ್ ಕೈಗೆ ಗಟ್ಟಿ ಬಟ್ಟೆಯಷ್ಟು ನುಣುಪಾಗಿ ಹತ್ತುತ್ತದೆ. ಒತ್ತದೆ ಬಿಟ್ಟದ್ದರಲ್ಲಿ ಸುತ್ತಿನ ಏರಿಳಿತ ಬೆರಳಿಗೆ ಸಿಗುತ್ತದೆ. ಎಷ್ಟು ಒತ್ತಬೇಕು ಎನ್ನುವುದು ಆಟಗಾರನ ಆಯ್ಕೆ. ಒಣ ಕೈಯವರು ಸ್ವಲ್ಪ ಒರಟಾಗಿಯೇ ಬಿಡಿಸಿಕೊಳ್ಳುವುದು ಒಳ್ಳೆಯದು, ಎಲ್ಲರಿಗೂ ಗಾಜಿನಂಥ ನುಣುಪು ಬೇಕಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ ಬಿಳಿಯ ಮೇಲೆ ಕಪ್ಪು ಚುಕ್ಕೆ, ಕಪ್ಪಿನ ಮೇಲೆ ಬಿಳಿ ಚುಕ್ಕೆ, ಹಸಿರಿನ ಮೇಲೆ ಬಿಳಿ ಚುಕ್ಕೆ ಇವು ಹಳೆಯ, ಎಲ್ಲೆಡೆ ಸಿಗುವ ಬಗೆಗಳು. ಚುಕ್ಕೆ ಅಂದಕ್ಕಷ್ಟೇ ಅಲ್ಲ, ಚಾಕಿನ ನೀಲಿ ಪುಡಿ ಮತ್ತು ಕೈಯ ಎಣ್ಣೆ ಸೇರಿ ಮೂಡುವ ಕೊಳೆಯನ್ನು ಮರೆಸಲೂ ಬೇಕು.

ಚರ್ಮ

ಚರ್ಮದ ರ‍್ಯಾಪ್ ಎರಡು ಬಗೆ. ಒಂದರಲ್ಲಿ ಸುಮಾರು ಒಂದು ಮಿಲಿಮೀಟರ್ ದಪ್ಪದ ಒಂದೇ ಹಾಳೆಯನ್ನು ಹಿಡಿಕೆಗೆ ಸುತ್ತಿ ಅಂಟಿಸುತ್ತಾರೆ. ಇನ್ನೊಂದರಲ್ಲಿ ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ, ಅಂಟಿಸಿ, ಒತ್ತಿ, ಒಣಗಿದ ಮೇಲೆ ಮರದಂತೆಯೇ ಕಡೆಯುತ್ತಾರೆ. ಬಿಲ್ಲೆಗಳ ಹಿಡಿಕೆ ಅಪರೂಪ, ತೂಕ ಹೆಚ್ಚು, ಹೊರಮೈ ಸವೆದರೂ ಒಳಗಿನ ಚರ್ಮ ಅದೇ ಗುಣದ್ದಾದ್ದರಿಂದ ಬಹಳ ಕಾಲ ನಿಲ್ಲುತ್ತದೆ.

ಹಾಳೆಯ ಚರ್ಮಕ್ಕೆ ಹೊಲಿಗೆ ಇಲ್ಲ. ಎರಡು ಅಂಚುಗಳು ಒಂದಕ್ಕೊಂದು ತಾಗಿ ನಿಲ್ಲುವಂತೆ ಕೊಯ್ದು, ಚರ್ಮಕ್ಕೂ ಮರಕ್ಕೂ ಅಂಟು ಹಚ್ಚಿ, ಅದು ಕೊಂಚ ಆರಿದ ಮೇಲೆ ಒತ್ತುತ್ತಾರೆ. ಹಿಡಿಕೆ ಹಿಂದಕ್ಕೆ ಹೋದಂತೆ ದಪ್ಪವಾಗುವುದರಿಂದ ಚರ್ಮವನ್ನು ಆಯತವಾಗಿ ಕತ್ತರಿಸಿದರೆ ಒಂದು ಕಡೆ ಸಾಲದು, ಒಂದು ಕಡೆ ಮಿಗುತ್ತದೆ. ಕಾಗದದ ಮಾದರಿ ಮಾಡಿಕೊಂಡೇ ಕತ್ತರಿಸಬೇಕು. ಕೂಡಿದ ಗೆರೆ ಕೆಲ ತಿಂಗಳಲ್ಲಿ ಬಾಯಿ ಬಿಡುವುದು ಚರ್ಮದ ರ‍್ಯಾಪಿನ ಸಾಮಾನ್ಯ ದೋಷ. ಚರ್ಮ ಒಣಗಿ ಕುಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಯ್ದರೆ ಹಾಗಾಗುತ್ತದೆ.

ಹಸು, ಹಂದಿ, ಆಡಿನ ಚರ್ಮ ಸಾಮಾನ್ಯ ಬಳಕೆಯವು. ಬೆಚ್ಚಗಿನ, ಮೆತ್ತನೆಯ ಸ್ಪರ್ಶ ಅವುಗಳ ಗುಣ. ದುಬಾರಿ ಕ್ಯೂಗಳಲ್ಲಿ ಹಲ್ಲಿ ಜಾತಿಯ ಪ್ರಾಣಿಗಳ ಚರ್ಮ, ಉಷ್ಟ್ರಪಕ್ಷಿಯ ಚರ್ಮ, ಆನೆಕಿವಿಯ ಚರ್ಮ, ತೊರಕೆ ಮೀನಿನ ಚರ್ಮ ಕಂಡುಬರುತ್ತವೆ. ತೊರಕೆಯ ಚರ್ಮದ ಮೇಲೆ ಸಾಸಿವೆಯಷ್ಟಗಲದ ಗಟ್ಟಿ ಮಣಿಗಳಿರುವುದರಿಂದ ಒದ್ದೆ ಕೈಗೂ ಜಾರುವುದಿಲ್ಲ. ಜಪಾನಿನಲ್ಲಿ ಕತ್ತಿಯ ಹಿಡಿಗೆ ಅದನ್ನು ಬಳಸುತ್ತಿದ್ದದ್ದು ಅದೇ ಕಾರಣಕ್ಕೆ. ಆದರೆ ಕತ್ತರಿಸುವುದು, ಬಾಗಿಸುವುದು ಬಲು ಕಷ್ಟ.

ಕಾಡುಪ್ರಾಣಿಗಳ ಚರ್ಮದ ವಿಷಯದಲ್ಲಿ ಕಾನೂನು ಮಾತನಾಡುತ್ತದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದ 1975ರಿಂದ ಜಾರಿಯಲ್ಲಿದ್ದು, ಆನೆ, ಉಡ, ಹೆಬ್ಬಾವು, ಮೊಸಳೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಉಡ, ಹೆಬ್ಬಾವಿನ ಚರ್ಮದ ವ್ಯಾಪಾರವನ್ನು ನಿಷೇಧಿಸಿದೆ. ವಿದೇಶದಲ್ಲಿ ಇಂಥ ಕ್ಯೂ ಕೊಂಡು ತರುವವರು ಪರವಾನಗಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಅದನ್ನು ಕಳೆದುಕೊಳ್ಳಬೇಕಾಗಬಹುದು. ಹಸುವಿನ ಚರ್ಮದ ಮೇಲೆ ಉಡದ ಅಚ್ಚು ಒತ್ತಿದ ರ‍್ಯಾಪ್ ಧಾರಾಳವಾಗಿ ಸಿಗುತ್ತದೆ. ಹಿಡಿತದಲ್ಲಿ ಅದು ಯಾವುದಕ್ಕೂ ಕಡಿಮೆಯಿಲ್ಲ. ಒಂದು ಆಟದ ಕೋಲಿಗಾಗಿ ಕಾಡುಜೀವಿಯ ತೊಗಲು ಬೇಕೇ ಎಂಬ ಪ್ರಶ್ನೆಗೆ ಬೇಡ ಎಂಬುದೇ ಸರಿಯಾದ ಉತ್ತರ.

ರಬ್ಬರ್, ಕಾರ್ಕ್, ಬರಿಯ ಮರ

ರಬ್ಬರ್ ಮತ್ತು ಸಿಲಿಕೋನ್ ಹಿಡಿಕೆಗಳು ಯುರೋಪಿನ ಕ್ಯಾರಂ ಬಿಲಿಯರ್ಡ್ಸ್ ಆಟಗಾರರಲ್ಲಿ ಬಹಳ ಹಿಂದಿನಿಂದ ರೂಢಿಯಲ್ಲಿವೆ. ಅವರ ಕ್ಯೂಗೆ ತಗ್ಗು ಇರುವುದಿಲ್ಲ. ರಬ್ಬರಿನ ಕೊಳವೆಯನ್ನು ಬಟ್ಟಿನ ಮೇಲೆ ಏರಿಸಿ, ಬೇಕಾದ ಜಾಗಕ್ಕೆ ಸರಿಸಿಕೊಳ್ಳುತ್ತಾರೆ. ಪೂಲ್‌ನಲ್ಲಿ ಇಂಥ ಹಿಡಿಕೆ ಹೆಚ್ಚಾಗಿ ಕಾಣುವುದು ಆಟ ಆರಂಭಿಸುವ ಬ್ರೇಕ್ ಕ್ಯೂಗಳಲ್ಲಿ. ಪೂರಾ ಬಲದಿಂದ ಹೊಡೆಯುವಾಗ ಕೋಲು ಕೈಯಲ್ಲಿ ತಿರುಗದಂತೆ ರಬ್ಬರ್ ತಡೆಯುತ್ತದೆ. ನಾಜೂಕಿನ ಹೊಡೆತಕ್ಕೆ ಅದರ ಅಂಟು ಹಲವರಿಗೆ ಹಿಡಿಸುವುದಿಲ್ಲ. ಕಾರ್ಕ್ ಹಿಡಿಕೆ ಹಗುರ, ಬೆವರಿಗೆ ಒಳ್ಳೆಯದು, ಆದರೆ ಅಂಚುಗಳಲ್ಲಿ ಬೇಗ ಚಕ್ಕೆ ಏಳುತ್ತದೆ.

ರ‍್ಯಾಪ್ ಇಲ್ಲದ ಕ್ಯೂಗಳೂ ಇವೆ. ಹಿಡಿಕೆಗೆ ಹಕ್ಕಿಕಣ್ಣಿನ ಮೇಪಲ್, ಕೊಕೊಬೋಲೊ, ನಮ್ಮ ಕಾಡಿನ ಬೀಟೆಯಂಥ ಸುಂದರ ಮರ ಇಟ್ಟು ಮುಚ್ಚದೆ ಬಿಡುತ್ತಾರೆ. ಬೀಟೆ ಸೇರಿದಂತೆ ಅದರ ಇಡೀ ಕುಲವೇ 2017ರಿಂದ ಸೈಟ್ಸ್ ಪಟ್ಟಿಯಲ್ಲಿದೆ. ಮರದ ಮೇಲಿನ ದಪ್ಪ ಹೊಳಪು ವಾರ್ನಿಷ್ ಒಣ ಕೈಗೆ ಹಿತ, ಬೆವರಿದ ಕೈಗೆ ಅಂಟು. ಇಂಥ ಕ್ಯೂ ಇರುವವರು ಮರವನ್ನು ಕಡೆಸಿ ರ‍್ಯಾಪ್ ಹಾಕಿಸುವ ಮುನ್ನ, ಹಿಡಿಯುವ ಜಾಗದ ಹೊಳಪನ್ನು ತೀರ ನಯವಾದ ಉಜ್ಜುಕಾಗದದಿಂದ ಮಾಸಲು ಮಾಡಿಸಿ ನೋಡಬೇಕು. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕಡೆದ ಮರ ಮತ್ತೆ ಬರುವುದಿಲ್ಲ.

ಕೈಗೆ ತಕ್ಕ ಅಳತೆ

ಬದಲಾವಣೆಯ ಮಾತು ಬಂದಾಗ ಎಲ್ಲರೂ ಬಣ್ಣ, ಸಾಮಗ್ರಿಗಳ ಬಗ್ಗೆ ಕೇಳುತ್ತಾರೆ, ಜಾಗದ ಬಗ್ಗೆ ಕೇಳುವವರು ಕಡಿಮೆ. ನಿಜವಾಗಿ ಮೊದಲು ಕೇಳಬೇಕಾದದ್ದು ಅದನ್ನೇ. ತುದಿ ಚೆಂಡಿಗೆ ತಾಗುವ ಕ್ಷಣದಲ್ಲಿ ಕೆಳತೋಳು ನೆಲಕ್ಕೆ ಲಂಬವಾಗಿರಬೇಕು ಎಂಬುದು ಬಹುಪಾಲು ತರಬೇತುದಾರರು ಹೇಳುವ ಪಾಠ. ಹಾಗೆ ನಿಂತಾಗ ಕೈ ಕ್ಯೂವಿನ ಯಾವ ಜಾಗಕ್ಕೆ ಬರುತ್ತದೆ ಎನ್ನುವುದು ಆಟಗಾರನ ಎತ್ತರ, ತೋಳಿನ ಉದ್ದ, ಮುಂದಿನ ಕೈಯನ್ನು ಚೆಂಡಿನಿಂದ ಎಷ್ಟು ದೂರ ಇಡುತ್ತಾನೆ ಎಂಬುದನ್ನು ಅವಲಂಬಿಸಿದೆ. ಸಾಮಾನ್ಯ ಕ್ಯೂವಿನಲ್ಲಿ ರ‍್ಯಾಪ್ ಹಿಂದಿನ ತುದಿಗೆ ನಾಲ್ಕೈದು ಇಂಚು ಇರುವಾಗಲೇ ಮುಗಿದುಬಿಡುತ್ತದೆ. ಎತ್ತರದ ಆಟಗಾರರ ಕೈ ಅದರ ಹಿಂದೆ, ನುಣ್ಣನೆಯ ಸ್ಲೀವ್ ಮೇಲೆ ಹೋಗಿ ಕೂರುತ್ತದೆ. ಅಂಥವರಿಗೆ ಎಷ್ಟು ದುಬಾರಿ ಲಿನನ್ ಇದ್ದರೂ ವ್ಯರ್ಥ. ಕೆಲವರು ರ‍್ಯಾಪ್ ಇದೆಯೆಂಬ ಕಾರಣಕ್ಕೆ ಕೈಯನ್ನು ಮುಂದೆ ತಂದು ತಮ್ಮ ಹೊಡೆತವನ್ನೇ ಕೆಡಿಸಿಕೊಳ್ಳುತ್ತಾರೆ.

ಗೆಳೆಯರೊಬ್ಬರಿಗೆ ಪಕ್ಕದಿಂದ ವಿಡಿಯೊ ತೆಗೆಯಲು ಹೇಳಿ, ಸಹಜವಾಗಿ ಒಂದಷ್ಟು ಹೊಡೆತ ಆಡಿದರೆ ಕೈ ಕೂರುವ ಜಾಗ ತಿಳಿಯುತ್ತದೆ. ಅಲ್ಲೊಂದು ಕಾಗದದ ಟೇಪ್ ಅಂಟಿಸಿ ಗುರುತು ಮಾಡಿಕೊಂಡು ಕುಶಲಕರ್ಮಿಯ ಬಳಿಗೆ ಹೋಗಬಹುದು. ಹೊಸದಾಗಿ ಕ್ಯೂ ಮಾಡಿಸುವವರು ರ‍್ಯಾಪನ್ನು ಹಿಂದಕ್ಕೆ ಸರಿಸಿ ಎಂದೋ ಉದ್ದ ಹೆಚ್ಚಿಸಿ ಎಂದೋ ಕೇಳಬಹುದು. ಇರುವ ಕ್ಯೂ ಆದರೆ ಹಿಂಭಾಗಕ್ಕೆ ತಿರುಪು ಹಾಕಿ ಉದ್ದ ಹೆಚ್ಚಿಸುವ ತುಂಡು ಸೇರಿಸಿಕೊಳ್ಳುವುದು ಒಂದು ದಾರಿ.

ದಪ್ಪವನ್ನೂ ಬದಲಿಸಬಹುದು. ದೊಡ್ಡ ಅಂಗೈಯವರು ಸಪೂರ ಹಿಡಿಕೆಯನ್ನು ಬೇಡದಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಬ್ಯಾಡ್ಮಿಂಟನ್ ರ‍್ಯಾಕೆಟ್ಟಿಗೆ ಸುತ್ತುವ ತೆಳು ಗ್ರಿಪ್ ಟೇಪನ್ನು ರ‍್ಯಾಪಿನ ಮೇಲೆ ಸುತ್ತಿ ಕೆಲ ದಿನ ಆಡಿ ನೋಡುವುದು ಅಗ್ಗದ ಪ್ರಯೋಗ. ಇಷ್ಟವಾಗದಿದ್ದರೆ ಬಿಚ್ಚಿದರಾಯಿತು, ಕ್ಯೂವಿಗೆ ಏನೂ ಆಗದು. ಬಿಸಿಗಾಳಿಗೆ ಕುಗ್ಗಿ ಅಂಟಿಕೊಳ್ಳುವ, ಗಾಳದ ಕೋಲಿಗೆ ಹಾಕುವ ಕೊಳವೆಗಳೂ ಸಿಗುತ್ತವೆ. ಆದರೆ ಬಿಸಿ ಹೆಚ್ಚಾದರೆ ಕೆಳಗಿನ ವಾರ್ನಿಷ್ ಉಬ್ಬುವ ಅಪಾಯ ಇದೆ.

ಲಿನನ್ ತೆಗೆದು ಚರ್ಮ ಹಾಕಿಸುವುದು, ಚರ್ಮ ತೆಗೆದು ಲಿನನ್ ಸುತ್ತಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಚರ್ಮದ ತಗ್ಗು ಹೆಚ್ಚು ಆಳ. ಲಿನನ್ ತಗ್ಗಿಗೆ ಚರ್ಮ ಕೂರಿಸಬೇಕಾದರೆ ತಗ್ಗನ್ನು ಇನ್ನಷ್ಟು ಕಡೆಯಬೇಕು, ಇಲ್ಲವೇ ಚರ್ಮವನ್ನು ತೆಳುಗೊಳಿಸಬೇಕು. ಚರ್ಮದ ತಗ್ಗಿಗೆ ಲಿನನ್ ಸುತ್ತಬೇಕಾದರೆ ಮೊದಲು ತಗ್ಗನ್ನು ತುಂಬಿ ಮೇಲೆತ್ತಿಕೊಳ್ಳಬೇಕು. ಎರಡಕ್ಕೂ ಲೇತ್ ಬೇಕೇ ಬೇಕು. ಮನೆಯಲ್ಲಿ ಕೂತು ಮಾಡಬಹುದಾದದ್ದು ಒಂದೇ ದಪ್ಪದ ಹಳೆಯ ಚರ್ಮಕ್ಕೆ ಬದಲು ಹೊಸದು ಅಂಟಿಸುವುದಷ್ಟೇ.

ವಿಶ್ವ ಪೂಲ್ ಬಿಲಿಯರ್ಡ್ ಸಂಸ್ಥೆಯ ಸಾಮಗ್ರಿ ನಿಯಮಗಳು ಕ್ಯೂವಿನ ಕನಿಷ್ಠ ಉದ್ದವನ್ನು 40 ಇಂಚು, ಗರಿಷ್ಠ ತೂಕವನ್ನು 25 ಔನ್ಸ್, ತುದಿಯ ಗರಿಷ್ಠ ಅಗಲವನ್ನು 14 ಮಿಲಿಮೀಟರ್ ಎಂದು ನಿಗದಿ ಮಾಡಿವೆ. ಈ ಮಿತಿಯೊಳಗೆ ರ‍್ಯಾಪ್ ಆಟಗಾರನ ಇಷ್ಟ.

ಭಾರತದಲ್ಲಿ

ಸ್ನೂಕರ್ ಹುಟ್ಟಿದ್ದೇ ಈ ನೆಲದಲ್ಲಿ, 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನ್ಯದ ಅಧಿಕಾರಿಗಳ ನಡುವೆ. ಉದಕಮಂಡಲದ ಕ್ಲಬ್ ಅದರ ನಿಯಮಗಳು ರೂಪುಗೊಂಡ ಜಾಗ. 1958ರಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಈ ಪರಂಪರೆಯಲ್ಲಿ ರ‍್ಯಾಪಿಗೆ ಜಾಗವೇ ಇಲ್ಲ. ಸ್ನೂಕರ್ ಕ್ಯೂ ಎಂದರೆ ಸಾಮಾನ್ಯವಾಗಿ ಆ್ಯಷ್ ಮರದ ಶಾಫ್ಟ್, ಕರಿಮರದ ಬಟ್, ಮೇಲೆ ಎಣ್ಣೆ ಅಥವಾ ತೆಳು ಹೊಳಪು. ಆಟಗಾರರು ಕ್ಯೂವಿನ ತೀರ ತುದಿಯ ಬಳಿ ಹಿಡಿಯುತ್ತಾರೆ, ಮರವನ್ನೇ ಮುಟ್ಟುತ್ತಾರೆ. ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಂಥ ಕಡೆ ಕಲಿತವರು ಪೂಲ್‌ಗೆ ಬಂದಾಗಲೂ ಬರಿಯ ಮರದ ಅಭ್ಯಾಸವನ್ನು ಜೊತೆಗೆ ತರುವುದು ಸಹಜ.

ಪೂಲ್ ಪಾರ್ಲರುಗಳು ನಮ್ಮ ನಗರಗಳಲ್ಲಿ ಹರಡಿದ ಮೇಲೆ ರ‍್ಯಾಪ್ ಇರುವ ಕ್ಯೂಗಳು ಜನರ ಕೈಗೆ ಬಂದವು. ಹವೆಯ ವಿಚಾರ ಇಲ್ಲಿ ಗಮನಿಸಬೇಕಾದದ್ದು. ಮಂಗಳೂರು, ಉಡುಪಿಯ ಕಡೆ ಗಾಳಿಯಲ್ಲೇ ನೀರಿರುತ್ತದೆ. ಅಲ್ಲಿ ನೈಲಾನ್ ಮತ್ತು ಹೊಳಪು ವಾರ್ನಿಷ್ ಎರಡೂ ಕೈಗೆ ಅಂಟುತ್ತವೆ, ಚರ್ಮಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಒತ್ತಿದ ಲಿನನ್ ಅಲ್ಲಿಗೆ ಒಪ್ಪುವ ಆಯ್ಕೆ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಚರ್ಮ ಬಿರುಸಾಗಿ ಕೂಡಿದ ಗೆರೆ ಬಿಡಬಹುದು. ಎ.ಸಿ. ಕೋಣೆಯಲ್ಲಷ್ಟೇ ಆಡುವವರಿಗೆ ಈ ಚಿಂತೆ ಕಡಿಮೆ.

ಆರೈಕೆ ಮತ್ತು ದುರಸ್ತಿ

ಲಿನನ್ ಕೊಳೆಯಾದರೆ ನೀರಿನಲ್ಲಿ ನೆನೆಸಬಾರದು. ನೀರು ಕೆಳಗಿನ ಅಂಟನ್ನು ಸಡಿಲಿಸುತ್ತದೆ, ಮರವನ್ನು ಉಬ್ಬಿಸುತ್ತದೆ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಸುತ್ತಿನ ದಿಕ್ಕಿನಲ್ಲೇ ಒಣ ಬಟ್ಟೆಯಿಂದ ಬಲವಾಗಿ ಉಜ್ಜಿದರೆ ಎದ್ದ ಎಳೆಗಳು ಮತ್ತೆ ಮಲಗುತ್ತವೆ. ಉದ್ದಕ್ಕೆ ಉಜ್ಜಿದರೆ ಎಳೆ ಕೀಳುತ್ತದೆ. ಆಟದ ನಡುವೆ ಕೈ ತೊಳೆದು ಒರೆಸಿಕೊಳ್ಳುವವರ ರ‍್ಯಾಪ್ ಬಹಳ ವರ್ಷ ಚೆನ್ನಾಗಿ ಇರುತ್ತದೆ. ಅಂಗೈಗೆ ಟಾಲ್ಕಂ ಪುಡಿ ಹಾಕುವ ಅಭ್ಯಾಸ ಲಿನನ್‌ಗೆ ಒಳ್ಳೆಯದಲ್ಲ. ಪುಡಿ ನೂಲಿನ ಸಂದಿಯಲ್ಲಿ ಸೇರಿ ಬೆವರಿನೊಂದಿಗೆ ಕೆಸರಾಗುತ್ತದೆ. ಚರ್ಮಕ್ಕೆ ಆಗಾಗ ಚರ್ಮದ ಕ್ರೀಮನ್ನು ತುಸುವೇ ಹಚ್ಚಬೇಕು, ಹೆಚ್ಚಾದರೆ ಜಾರುತ್ತದೆ.

ಒಂದು ಸುತ್ತು ಕಡಿದರೂ ಲಿನನ್ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಕಡಿದ ತುದಿಯನ್ನು ಒಂದು ಹನಿ ಅಂಟಿನಿಂದ ಆಗಲೇ ಹಿಡಿಸಿ, ಪೂರ್ತಿ ಸುತ್ತಿಸುವವರೆಗೆ ಅದನ್ನು ಎಳೆಯದೆ ಇರಬೇಕು. ಹಳೆಯ ಸುತ್ತನ್ನು ತೆಗೆಯುವಾಗ ಬ್ಲೇಡನ್ನು ಮರಕ್ಕೆ ತಾಗುವಷ್ಟು ಒತ್ತುವುದು ದೊಡ್ಡ ತಪ್ಪು: ಗೀರು ಬಿದ್ದ ಜಾಗ ಹೊಸ ಸುತ್ತಿನ ಕೆಳಗೂ ಉಬ್ಬಾಗಿ ತೋರುತ್ತದೆ.

ಹಳೆಯ ಕ್ಯೂಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಈ ಎಲ್ಲ ಸಲಹೆ ತಲೆಕೆಳಗಾಗುತ್ತದೆ. ಬಾಲಾಬುಷ್ಕಾ ಅಥವಾ ಜಾಂಬೋಟಿ ಮಾಡಿದ ಕ್ಯೂವಿನ ಮೂಲ ಲಿನನ್ ಎಷ್ಟೇ ಕಪ್ಪಾಗಿ ಸವೆದಿದ್ದರೂ ಸಂಗ್ರಾಹಕರು ಅದನ್ನು ಬಿಚ್ಚಿಸಲು ಹಿಂಜರಿಯುತ್ತಾರೆ. ಬದಲಿಸಲೇಬೇಕಾದಾಗ ಅದೇ ಕಾಲದ, ಅದೇ ಚುಕ್ಕೆಯ ಹಳೆಯ ದಾಸ್ತಾನಿನ ನೂಲನ್ನು ಹುಡುಕಿ ಸುತ್ತಿಸಿ, ಬಿಚ್ಚಿದ ನೂಲಿನ ಒಂದು ತುಂಡನ್ನು ಕ್ಯೂವಿನ ದಾಖಲೆಯ ಜೊತೆ ಇಡುವುದು ಒಳ್ಳೆಯ ಕ್ರಮ.